ಮುದಿ ಬಾಂಬರಿನ ಹೊಟ್ಟೆಯ ತೂತು

ತನ್ನ ಪಾಡಿಗೆ ತಾನು ಸುಮ್ಮನಿರುವವನನ್ನು ಕಂಡರೆ ನಮ್ಮ ಕಡೆಯ ಜನಕ್ಕೆ ತಡೆಯಲಾಗುವುದಿಲ್ಲ. ಏನಾದರೊಂದು ಸಹಾಯ ಮಾಡಿಯೇ ತೀರುತ್ತಾರೆ. ನಾನು ಪಾಂಡವಪುರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ಮಾತು ಕಡಿಮೆ. ಅದಕ್ಕೋ ಏನೋ, ಇಂಥ ಪ್ರಸಂಗಗಳು ನನಗೆ ಒಂದರ ಹಿಂದೊಂದು ಆಗುತ್ತಲೇ ಇರುತ್ತವೆ. ಈಚೆಗೆ ಆದವೆಲ್ಲ ಒಂದೇ ಒಂದು ತೂತಿನ ಸುತ್ತ ಆದವು.

ಆ ತೂತಿನ ವಿಷಯ ಮೊದಲೇ ಹೇಳಿಬಿಡುತ್ತೇನೆ. ನನ್ನ ಹೆಂಡತಿಗೆ ವಿಮಾನದ ಪುಟ್ಟ ಮಾದರಿಗಳನ್ನು ಮಾಡುವ ಹವ್ಯಾಸವಿತ್ತು. ಶಾಲೆಯ ವಸ್ತುಪ್ರದರ್ಶನಕ್ಕೆಂದು ನಾನು ತಂದು, ಮಾಡಲು ಬಾರದೆ ಅಟ್ಟಕ್ಕೆ ಹಾಕಿದ್ದ ಒಂದು ಕಿಟ್ಟನ್ನು ಅವಳು ಇಳಿಸಿಕೊಂಡಳು. ಅಲ್ಲಿಂದ ಶುರು. ಅಸಲಿ ವಿಮಾನದ ಎಪ್ಪತ್ತೆರಡರಲ್ಲಿ ಒಂದು ಪಾಲು ಅಳತೆಯ ಪ್ಲಾಸ್ಟಿಕ್ ತುಂಡುಗಳು. ಅವನ್ನು ಮರಳುಕಾಗದದಲ್ಲಿ ಉಜ್ಜಿ, ಅಂಟಿಸಿ, ಬಣ್ಣ ಬಳಿಯಬೇಕು. ಮಧ್ಯಾಹ್ನದ ಹೊತ್ತು ಬೇರೆಯವರು ಸೊಪ್ಪು ಬಿಡಿಸುತ್ತಾ ಕೂರುವ ಹಾಗೆ ಅವಳು ರೆಕ್ಕೆ ಉಜ್ಜುತ್ತಾ ಕೂರುತ್ತಿದ್ದಳು.

ಕೊನೆಗೆ ಕೈಹಾಕಿದ್ದು ವಿಟ್ಲಿ ಎಂಬ, ಎರಡನೇ ಮಹಾಯುದ್ಧದ ಬ್ರಿಟಿಷ್ ಬಾಂಬರಿಗೆ. ಯುದ್ಧ ಶುರುವಾಗುವ ಹೊತ್ತಿಗೇ ಅದು ಹಳತಾಗಿತ್ತು; ವೇಗ ಸಾಲದು. ಹಾಗಾಗಿ ಕೆಲವನ್ನು ಪ್ಯಾರಾಚೂಟ್ ಸಿಪಾಯಿಗಳ ತರಬೇತಿಗೆ ಬಿಟ್ಟರು. ಬಾಂಬು ಹೊರುವ ವಿಮಾನದಲ್ಲಿ ಜನ ಜಿಗಿಯುವಂಥ ಬಾಗಿಲಿರುವುದಿಲ್ಲ. ಹೊಟ್ಟೆಯಲ್ಲಿ ಒಂದು ದುಂಡನೆಯ ತೂತು. ಸಿಪಾಯಿಗಳು ಅದರ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಒಬ್ಬೊಬ್ಬರಾಗಿ ಬೀಳಬೇಕು.

"ಉಳಾಕಾಗ್ದಿರೋ ಎತ್ನ ಕಣಕ್ಕೆ ಕಟ್ಟಂಗೆ ಕಣ್ರೀ ಮೇಷ್ಟ್ರೇ," ಅಂದಿದ್ದಳು. ಮನೆಯಲ್ಲೂ ಅವಳು ನನ್ನನ್ನು ಮೇಷ್ಟ್ರೇ ಎಂದೇ ಕರೆಯುತ್ತಿದ್ದುದು. "ಬಾಂಬು ಹಾಕೋದ್ನ ನಾನು ಮಾಡಕಿಲ್ಲ. ಪಾಠ ಏಳ್ಕೊಡೋದ್ನೇ ಮಾಡ್ತೀನಿ."

ಎರಡು ರೆಕ್ಕೆ ಉಜ್ಜಿ ಮುಗಿಸಿದ್ದಳು. ಹೋದ ವರ್ಷ ಆಷಾಢದಲ್ಲಿ ಹೋಗಿಬಿಟ್ಟಳು. ಕಿಟ್ಟಿನಲ್ಲಿ ಇದ್ದದ್ದು ಮಾಮೂಲು ಬಾಂಬರಿನ ತುಂಡುಗಳು. ತೂತನ್ನು ನಾವೇ ಕೊರೆಯಬೇಕು. ಎಲ್ಲಿ ಕೊರೆಯಬೇಕೆಂದು ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಮ್ಮಲ್ಲಿ ಹೋದವರಿಗೆ ಪಿತೃಪಕ್ಷದಲ್ಲಿ ಎಡೆ ಇಡುತ್ತಾರೆ. ಅವರು ತಿನ್ನುತ್ತಿದ್ದದ್ದು, ಉಡುತ್ತಿದ್ದದ್ದು, ಇಷ್ಟಪಡುತ್ತಿದ್ದದ್ದು ಎಲ್ಲವೂ ಫೋಟೋದ ಮುಂದೆ ಬರಬೇಕು. ವರ್ಷ ತುಂಬಿದ ಮೇಲಿನ ಮೊದಲ ಪಕ್ಷಕ್ಕೆ ಆ ವಿಮಾನವನ್ನು ಮುಗಿಸಿ ಅವಳ ಮುಂದಿಡಬೇಕು ಎಂದುಕೊಂಡೆ. ಹೇಗೋ ಒಂದು ಮುಗಿಸಿದರೆ ಆಗುವುದಿಲ್ಲ. ರೆಕ್ಕೆ ಕೂದಲೆಳೆಯಷ್ಟು ಓರೆಯಾದರೂ ಬಿಚ್ಚಿ ಮತ್ತೆ ಅಂಟಿಸುವವಳು ಅವಳು. ತೂತು ತಪ್ಪು ಜಾಗದಲ್ಲಿದ್ದರೆ ಯಾವ ಮುಖ ಇಟ್ಟುಕೊಂಡು ಅವಳ ಮುಂದೆ ಇಡಲಿ? ಇದ್ದದ್ದು ಒಂದೇ ಕಿಟ್ಟು. ಒಮ್ಮೆ ಕೊರೆದರೆ ಕೊರೆದದ್ದೇ.

ಸ್ಟಾಫ್ ರೂಮಿನಲ್ಲಿ

ಅಂತರ್ಜಾಲದಲ್ಲಿ ಸಿಕ್ಕ ಚಿತ್ರಗಳಲ್ಲಿ ಆ ವಿಮಾನ ಪಕ್ಕದಿಂದ ಕಾಣುತ್ತಿತ್ತು, ಎದುರಿನಿಂದ ಕಾಣುತ್ತಿತ್ತು. ಹೊಟ್ಟೆಯ ಚಿತ್ರ ಮಾತ್ರ ಸಿಕ್ಕುತ್ತಿರಲಿಲ್ಲ. ಒಂದು ದಿನ ಬಿಡುವಿನ ಪಿರಿಯಡ್ಡಿನಲ್ಲಿ ಫೋನು ಹಿಡಿದು ಚಿತ್ರಗಳನ್ನು ದೊಡ್ಡದು ಮಾಡಿ ನೋಡುತ್ತಿದ್ದೆ. ಪಿ.ಟಿ. ಮೇಷ್ಟ್ರು ಹಿಂದಿನಿಂದ ಬಗ್ಗಿ ನೋಡಿದರು.

"ಏನ್ ಸಾರ್ ಉಡುಕ್ತಾ ಇದ್ದೀರಿ?"

"ತೂತು."

"ಎಲ್ಲೈತೆ?"

"ಅದೇ ಗೊತ್ತಿಲ್ಲ."

"ತೂತ್ನ ಯಾರಾದ್ರೂ ಉಡುಕ್ತಾರಾ ಸಾರ್? ಕಂಡ್ರೆ ಮುಚ್ತಾರೆ."

ವಿಧಿಯಿಲ್ಲದೆ ವಿಷಯ ಹೇಳಿದೆ. ಹೇಳಬಾರದಿತ್ತು. ವಿಜ್ಞಾನದ ಮೇಡಮ್ಮು ತೂತು ನಟ್ಟನಡುವೆಯೇ ಇರಬೇಕು, ಇಲ್ಲದಿದ್ದರೆ ವಿಮಾನ ತಕ್ಕಡಿಯ ಹಾಗೆ ಒಂದು ಕಡೆ ವಾಲುತ್ತದೆ ಅಂದರು. ಪಿ.ಟಿ. ಮೇಷ್ಟ್ರು ಬಾಲದ ಹತ್ತಿರವೇ ಇರಬೇಕು, ಮುಂದೆ ಬಿದ್ದವನಿಗೆ ಹಿಂದಿನ ಚಕ್ರ ಬಡಿಯುತ್ತದೆ ಅಂದರು. ಮಾತು ಜೋರಾಗಿ, ಕರಿಹಲಗೆಯ ಸೀಮೆಸುಣ್ಣದಲ್ಲಿ ಮೇಜಿನ ಮೇಲೆಯೇ ವಿಮಾನ ಬರೆದು, ಅಲ್ಲಲ್ಲಿ ತೂತು ಹಾಕಿ, ಅಳಿಸಿ, ಮತ್ತೆ ಹಾಕಿದರು.

ಗಲಾಟೆ ಕೇಳಿ ಹೆಡ್‌ಮಾಸ್ಟರು ಬಂದರು. ದಿನವೂ ನಾಗಮಂಗಲದ ಕಡೆಯಿಂದ ಬಸ್ಸಿನಲ್ಲಿ ಬರುವವರು ಅವರು. ಎಲ್ಲರೂ ಪಾಠಕ್ಕೆ ಹೊರಡುವವರಂತೆ ಎದ್ದರು. ಅವರು ಕೂರಿಸಿ, "ಏನದು, ನನಗೂ ಹೇಳಿ," ಅಂದರು.

ನಾನು ಓದಿದ್ದನ್ನೆಲ್ಲ ಹೇಳಿದೆ. ತೂತಿನ ಅಂಚಿನಲ್ಲಿ ನೆಟ್ಟಗೆ ಕೂರಬೇಕು, ಜೋರಾಗಿ ತಳ್ಳಿಕೊಂಡರೆ ಎದುರಿನ ಅಂಚಿಗೆ ಮುಖ ಬಡಿಯುತ್ತದೆ, ಮೆತ್ತಗೆ ಜಾರಿದರೆ ಬೆನ್ನಿನ ಮೂಟೆ ಹಿಂದಿನ ಅಂಚಿಗೆ ತಗುಲಿ ಆಗಲೂ ಮುಖವೇ ಬಡಿಯುತ್ತದೆ; ಅದಕ್ಕೇ ಅಷ್ಟೆಲ್ಲ ತರಬೇತಿ.

ಅವರು ಗಂಭೀರವಾಗಿ ಕೇಳಿಸಿಕೊಂಡರು. "ಅಂದ್ರೆ ನೆಲದಲ್ಲಿ ತೂತು. ಅದರ ಪಕ್ಕ ಅಲುಗಾಡದೆ ಕೂರೋದು. ಸ್ವಲ್ಪ ಆಚೀಚೆ ಆದ್ರೆ ಮೂತಿ ಒಡೆಯೋದು."

"ಹೌದು ಸಾರ್."

"ಆಮೇಲೆ ಅವರಿಗೆ ಸರ್ಟಿಫಿಕೇಟು ಕೊಡ್ತಿದ್ರು?"

"ಎದೆಗೆ ಹಾಕಿಕೊಳ್ಳಲು ಒಂದು ಬಿಲ್ಲೆಯೂ ಇತ್ತಂತೆ."

"ನೋಡಿ ಮತ್ತೆ. ನಾನು ಬರೋ ಬಸ್ಸಲ್ಲಿ ಇಷ್ಟು ವರ್ಷದಿಂದ ಇದನ್ನೇ ಮಾಡ್ಕೊಂಡು ಬರ್ತಾ ಇದ್ದೀನಿ. ಕಂಡಕ್ಟರು ಚಿಲ್ಲರೇನೂ ಕೊಡಲ್ಲ."

ಹಾಳೆ ತುಂಬ

ಕಡೆಗೆ ಹೊರದೇಶದ ಹವ್ಯಾಸಿಗಳ ಗುಂಪೊಂದಕ್ಕೆ ಬರೆದೆ. ಯಾರೋ ಹಿರಿಯರೊಬ್ಬರು ವಿಮಾನದ ಹೊಟ್ಟೆಯ ನಕ್ಷೆಯನ್ನೇ ಕಳಿಸಿದರು. ಮೊದಲು ಆ ಬಾಂಬರಿನ ಹೊಟ್ಟೆಯಿಂದ ಬಂದೂಕಿನ ಒಂದು ಗೂಡು ಕೆಳಕ್ಕೆ ಇಳಿಯುತ್ತಿತ್ತು. ಅದನ್ನು ಕಿತ್ತು ಹಾಕಿದಾಗ ಉಳಿದ ಜಾಗವೇ ಸಿಪಾಯಿಗಳ ತೂತಾಯಿತು ಎಂದು ಅವರ ವಿವರಣೆ. ನಕ್ಷೆಯನ್ನು ಸರಿಯಾದ ಅಳತೆಯಲ್ಲಿ ಪ್ರಿಂಟ್ ತೆಗೆದು, ಕತ್ತರಿಸಿ, ಮಾದರಿಯ ಹೊಟ್ಟೆಗೆ ಸುತ್ತಿದರೆ ಗುರುತು ಹಾಕಬಹುದು.

ದೊಡ್ಡ ಹಾಳೆಯ ಪ್ರಿಂಟು ಪಾಂಡವಪುರದಲ್ಲಿ ಆಗಲಿಲ್ಲ. ಶ್ರೀರಂಗಪಟ್ಟಣಕ್ಕೆ ಹೋದೆ. ಬಸ್‌ಸ್ಟ್ಯಾಂಡಿನ ಹತ್ತಿರದ ಜೆರಾಕ್ಸ್ ಅಂಗಡಿಯ ಸಾಹೇಬರು ಬಹಳ ಮರ್ಯಾದಸ್ಥರು. ಕುರ್ಚಿ ಕೊಟ್ಟು, ಟೀ ತರಿಸಿ, ಪ್ರಿಂಟ್ ತೆಗೆದು ಕೈಗಿಟ್ಟರು. ಸ್ಕೇಲಿಟ್ಟು ನೋಡಿದೆ. ಮೂತಿಯಿಂದ ಬಾಲಕ್ಕೆ ಒಂದಡಿಗೆ ಸ್ವಲ್ಪ ಕಡಿಮೆ ಬರಬೇಕಾದದ್ದು ಒಂದೂಕಾಲು ಅಡಿಯ ಮೇಲಿತ್ತು.

"ದೊಡ್ಡದಾಗಿದೆ."

"ಹೌದು ಮಾಸ್ಟರ್‌ಸಾಬ್, ನಾನೇ ಮಾಡ್ದೆ. ಪಾಪ, ಇಷ್ಟು ದೊಡ್ಡ ಹಾಳೇಲಿ ಅಷ್ಟು ಚಿಕ್ಕದು ಕೂತಿತ್ತು. ಅನ್ಯಾಯ ಅಲ್ವಾ?"

ಅಳತೆ ಮುಖ್ಯ ಎಂದು ಹೇಳಿದೆ. ಅವರು ಒಪ್ಪಿದರು. ಎರಡನೇ ಪ್ರಿಂಟು ಇನ್ನೂ ಒಂದಿಷ್ಟು ಬೆಳೆದಿತ್ತು. ರೆಕ್ಕೆಯ ತುದಿ ಹಾಳೆಯ ಅಂಚಿಗೆ ಮುಟ್ಟಿತ್ತು.

"ಈಗ ನೋಡಿ, ಹಾಳೆ ತುಂಬ ಬಂತು. ಒಂದಿಂಚು ವೇಸ್ಟಿಲ್ಲ."

"ದೊಡ್ಡದು ಬೇಡ. ಇರುವಷ್ಟೇ ಇರಲಿ."

ಅವರು ನನ್ನನ್ನೇ ನೋಡಿದರು. "ಮಾಸ್ಟರ್‌ಸಾಬ್, ಮದುವೆ ಫೋಟೋ, ನಾಮಕರಣದ್ದು, ತೀರಿಕೊಂಡೋರ್ದು, ಎಲ್ಲಾ ಪ್ರಿಂಟ್ ಮಾಡೀನಿ. ಜರಾ ಚಿಕ್ಕದು ಮಾಡಿ ಅಂತ ಕೇಳಿದೋರು ಇಪ್ಪತ್ತು ವರ್ಷದಲ್ಲಿ ನೀವೊಬ್ರೇ."

ಮೂರನೆಯದು ಅಳತೆಗೆ ಸರಿಯಾಗಿ ಬಂತು. ನಾನು ಸ್ಕೇಲಿಟ್ಟು ತಲೆಯಾಡಿಸಿದ್ದನ್ನು ಕಂಡು ಅವರಿಗೆ ಎಷ್ಟು ಸಂತೋಷವಾಯಿತೆಂದರೆ, ನಾನು ಚೀಲ ತೆಗೆಯಲು ಆ ಕಡೆ ತಿರುಗಿ ಈ ಕಡೆ ತಿರುಗುವುದರೊಳಗೆ ಅದಕ್ಕೆ ಲ್ಯಾಮಿನೇಶನ್ ಮಾಡಿಬಿಟ್ಟಿದ್ದರು. ಹಲಗೆಯ ಹಾಗೆ ನೆಟ್ಟಗೆ ನಿಂತಿತು. ಇನ್ನು ಅದನ್ನು ಹೊಟ್ಟೆಗೆ ಸುತ್ತುವ ಮಾತೇ ಇಲ್ಲ.

"ದುಡ್ಡು ಬೇಡ, ನನ್ನ ಕಡೆಯಿಂದ," ಅಂದರು. "ಮೇಷ್ಟ್ರಿಗೆ ಅಷ್ಟೂ ಮಾಡಬಾರದಾ? ನೀರಲ್ಲಿ ಬಿದ್ರೂ ಇದಕ್ಕೇನೂ ಆಗಲ್ಲ. ಅಸಲಿ ವಿಮಾನಕ್ಕೆ ಇತ್ತಾ ಈ ಗ್ಯಾರಂಟಿ?"

ಮನೆಗೆ ಬಂದು ಅದರ ಮೇಲೆ ತೆಳುಹಾಳೆ ಹರಡಿ ಪೆನ್ಸಿಲಿನಲ್ಲಿ ಪೂರ್ತಿ ನಕಲು ಮಾಡಿಕೊಂಡೆ.

ಒಂದೇ ಸಲಕ್ಕೆ ಪಾಸು

ಅದೇ ಅಂಗಡಿಯಲ್ಲಿ, ಮೂರನೇ ಪ್ರಿಂಟಿಗೆ ಕಾಯುತ್ತಿದ್ದಾಗ ಪ್ರವಾಸಿಗರಿಗೆ ಊರು ತೋರಿಸುವ ಗೈಡೊಬ್ಬರು ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು.

"ತೂತಲ್ಲಿ ಬೀಳೋದು ತಾನೇ ಸಾರ್? ಅದಕ್ಯಾಕೆ ಇಂಗ್ಲೆಂಡಿಗೆ ಬರೀತೀರಿ? ನಮ್ ಕೋಟೆ ಸೆರೆಮನೇಲಿ, ಯುದ್ಧದಲ್ಲಿ, ಚಾವಣಿ ತೂರ್ಕೊಂಡು ಫಿರಂಗೀನೇ ಕೆಳಗೆ ಬಿದ್ದೈತೆ. ಬನ್ನಿ, ತೋರಿಸ್ತೀನಿ."

"ನೋಡಿದ್ದೇನೆ. ಅದು ಫಿರಂಗಿ. ಇವರು ತರಬೇತಿಗೆ ಬಂದ ಮನುಷ್ಯರು. ಮತ್ತೆ ಮತ್ತೆ ಬಿದ್ದು ಕಲಿಯುತ್ತಿದ್ದರು."

"ಅಷ್ಟೇ ಸಾರ್ ವ್ಯತ್ಯಾಸ," ಅಂದರು ಆತ. "ನಮ್ ಫಿರಂಗಿ ಒಂದೇ ಸಲಕ್ಕೆ ಪಾಸಾಯ್ತು."

ಜಗಲಿಯಿಂದ

ವಿಮಾನದೊಳಗೆ, ತೂತಿನ ಸುತ್ತ, ಎಂಟು ಜನ ಪುಟ್ಟ ಸಿಪಾಯಿಗಳನ್ನು ಕೂರಿಸಬೇಕೆಂದು ನನಗೆ ಆಸೆಯಾಯಿತು. ಜನರಿಲ್ಲದಿದ್ದರೆ ಅದು ಪಾಠಶಾಲೆ ಹೇಗಾದೀತು? ಆದರೆ ಅವರು ಹೇಗೆ ಕೂರುತ್ತಿದ್ದರು, ಕೈ ಎಲ್ಲಿರುತ್ತಿತ್ತು? ಹೆಡ್‌ಮಾಸ್ಟರು ತಮ್ಮ ಊರಿನ ಕಡೆಯ ಒಬ್ಬರ ಹೆಸರು ಹೇಳಿದರು. ಸೈನ್ಯದಲ್ಲಿ ಪ್ಯಾರಾಚೂಟಿನಲ್ಲಿ ಜಿಗಿದು ನಿವೃತ್ತರಾದವರು. ಒಂದು ಭಾನುವಾರ ನಾಗಮಂಗಲಕ್ಕೆ ಹೋಗಿ, ಅಲ್ಲಿಂದ ಆಟೋ ಹಿಡಿದು ಅವರ ಹಳ್ಳಿ ಮುಟ್ಟಿದೆ.

ತೆಂಗಿನ ತೋಟದ ಮುಂದಿನ ಮನೆ. ದಂಪತಿಗಳಿಬ್ಬರೂ ಎದುರುಗೊಂಡರು. ಪ್ರಶ್ನೆ ಕೇಳುವ ಮೊದಲು ಊಟ ಮಾಡಬೇಕು ಎಂದರು. ನಾಟಿಕೋಳಿ ಸಾರು, ಮುದ್ದೆ. ಊಟ ಮುಗಿಸಿ ಪುಸ್ತಕ ತೆಗೆದು ಕೇಳಿದೆ.

"ನೀವು ಜಿಗಿಯುತ್ತಿದ್ದ ವಿಮಾನದ ಬಾಗಿಲು ಎಷ್ಟು ಅಗಲ ಇತ್ತು?"

"ಗೊತ್ತಿಲ್ಲ ಮೇಷ್ಟ್ರೇ."

"ಅಂದಾಜು?"

"ನೋಡ್ನಿಲ್ಲ."

"ಎಷ್ಟೋ ಸಲ ಜಿಗಿದಿದ್ದೀರಿ ಅಂತ ಹೆಡ್‌ಮಾಸ್ಟರು ಹೇಳಿದರು."

"ಎಷ್ಟೋ ಸಲ ಆರೀವ್ನಿ. ಎಲ್ಲಾ ಸಲಾನೂ ಕಣ್ ಮುಚ್ಕಂಡೇ ಆರಿದ್ದು. ತೆಗೆದಿದ್ರೆ ಆರಾಕಾಗ್ತಿತ್ತಾ?"

ಅವರ ಹೆಂಡತಿ ಒಳಗಿನಿಂದ ಎಲೆಅಡಿಕೆ ತರುತ್ತಾ, "ತಾಳಿ ಕಟ್ಟಾಗ್ಲೂ ಅಂಗೇ ಕಣೇಳಿ," ಅಂದರು. "ಕಣ್ ಬುಟ್ಟಿದ್ದು ಮೂರು ದಿನ ಆದ್ಮೇಲೆ. ಆಮೇಲೆ ಅಯ್ಯೋ ಅಂದ್ರೆ ಬಂದಾತಾ?"

"ಸುಮ್ಕಿರಮ್ಮಿ, ಮೇಷ್ಟ್ರು ಬರ್ಕತಾವ್ರೆ," ಅಂದರು ಅವರು.

ಬಾಗಿಲು ಕಾಣದಿದ್ದರೂ ಮೈಯ ನಿಲುವು ಅವರಿಗೆ ಚೆನ್ನಾಗಿ ಗೊತ್ತಿತ್ತು. ತೂತಿನಲ್ಲಿ ಬೀಳುವವನು ಕಂಬದ ಹಾಗೆ ನೆಟ್ಟಗಿರಬೇಕು, ಕೈ ತೊಡೆಗೆ ಅಂಟಿರಬೇಕು, ನೆಲ ಮುಟ್ಟುವಾಗ ಎರಡು ಪಾದ ಜೋಡಿಯಾಗಿರಬೇಕು. ಬರೆದುಕೊಂಡೆ. ಅವರಿಗೆ ಸಾಲಲಿಲ್ಲ.

"ಬರ್ಕಂಡ್ರೆ ಬರಕಿಲ್ಲ ಮೇಷ್ಟ್ರೇ. ಒಂದ್ಸಲ ಬೀಳಿ."

ಜಗಲಿಯ ಕೆಳಗೆ ರಾಗಿಹುಲ್ಲು ಹಾಸಿದರು. ನಾನು ಬೇಡವೆಂದೆ. ಅವರು ಸೈನ್ಯದಲ್ಲಿ ಬೇಡ ಎನ್ನುವ ಪದ್ಧತಿ ಇಲ್ಲ ಎಂದರು. ಶಾಲೆಗೆ ಹೋಗುವ ಬಿಳಿ ಅಂಗಿಯಲ್ಲೇ ಜಗಲಿಯ ಅಂಚಿಗೆ ಕೂತು, ಕಾಲು ಇಳಿಬಿಟ್ಟು, ಕೈ ತೊಡೆಗೆ ಅಂಟಿಸಿಕೊಂಡೆ. ಅವರು ನನ್ನ ಬೆನ್ನ ಹಿಂದೆ ನಿಂತು ಇಂಗ್ಲಿಷಿನಲ್ಲಿ ಅಪ್ಪಣೆ ಕೊಟ್ಟರು. ಬಿದ್ದೆ. ಪಾದ ಜೋಡಿಯಾಗಿರಲಿಲ್ಲ ಎಂದು ಮತ್ತೆ ಹತ್ತಿಸಿದರು. ಮತ್ತೆ ಬಿದ್ದೆ. ಎದ್ದು ಅಂಗಿಯ ಹುಲ್ಲು ಕೊಡವಿಕೊಳ್ಳುವಾಗ ಬೀದಿಯಲ್ಲಿ ಸೊಪ್ಪಿನ ಹೊರೆ ಹೊತ್ತ ಮುದುಕಿಯೊಬ್ಬಳು ನಿಂತಿದ್ದಳು.

"ಯಾರವ್ವ ಅದು?"

"ಪಾಂಡವಪುರದ ಮೇಷ್ಟ್ರು ಕಣಜ್ಜಿ," ಅಂದರು ಮನೆಯಾಕೆ. ಆಮೇಲೆ ದನಿ ತಗ್ಗಿಸಿ, ನನಗೆ ಕೇಳುವಷ್ಟೇ ತಗ್ಗಿಸಿ, "ಪಾಪ, ಎಂಡ್ರು ಓಗ್ಬುಟ್ರು," ಅಂದರು.

ಮುದುಕಿ ಹೊರೆ ಇಳಿಸದೆಯೇ ನನ್ನನ್ನೂ ಜಗಲಿಯನ್ನೂ ಕಣ್ಣಲ್ಲಿ ಅಳೆದಳು.

"ಅದ್ಕೇಂತ ಇಷ್ಟು ತಗ್ಗಿನ್ ಜಗಲಿಯಿಂದ ಬಿದ್ರೆ ಏನಾದಾತಪ್ಪ? ಸುಮ್ಕೆ ಕಾಲ್ ಉಳುಕ್ತದೆ. ಮನೇಗೋಗು," ಅಂದಳು.

ಸೋದರಮಾವ ಎಲ್ಲಿ

ಗುರುತು ಹಾಕಿದ್ದಾಯಿತು. ಕೊರೆಯಲು ಧೈರ್ಯ ಬರಲಿಲ್ಲ. ಪ್ಲಾಸ್ಟಿಕ್ಕು ತೆಳು, ಸುಮ್ಮನೆ ಡ್ರಿಲ್ಲಿಟ್ಟರೆ ಸೀಳುತ್ತದೆ. ನನ್ನ ಭಾವಮೈದ, ಹೆಂಡತಿಯ ಅಣ್ಣ, ಕೆ.ಆರ್. ಪೇಟೆಯ ಹತ್ತಿರ ಬೇಸಾಯ ಮಾಡಿಕೊಂಡಿದ್ದಾರೆ. "ಚಿನ್ನ ಕೊಯ್ಯೋ ಗರಗಸ ಇದ್ರೆ ಕೂದ್ಲಂಗೆ ಕೊಯ್ಬೋದು ಬಾವ. ನಮ್ ಆಚಾರ್ರ ತಾವ್ಕೆ ತನ್ನಿ," ಅಂದರು.

ಪೇಟೆಯ ಗಲ್ಲಿಯಲ್ಲಿ ಅಕ್ಕಸಾಲಿ ಆಚಾರ್ರ ಅಂಗಡಿ. ವಯಸ್ಸಾದವರು. ಕನ್ನಡಕ ಹಣೆಗೇರಿಸಿ ವಿಮಾನದ ಎರಡು ಹೋಳನ್ನೂ ತಿರುಗಿಸಿ ನೋಡಿದರು.

"ಯಾರ್ ಮಾಡಿದ್ದು?"

"ನನ್ ತಂಗಿ," ಅಂದರು ಭಾವಮೈದ.

"ಅವ್ಳದಾ?" ಆಚಾರ್ರು ಹೋಳುಗಳನ್ನು ಮೆಲ್ಲಗೆ ಕೆಳಗಿಟ್ಟರು. ಆಮೇಲೆ ಪಂಚಾಂಗ ತೆಗೆದರು. ರಾಹುಕಾಲ ಕಳೆಯಲಿ, ಕೂತಿರಿ ಎಂದರು.

ಪ್ಲಾಸ್ಟಿಕ್ ಕೊರೆಯಲು ರಾಹುಕಾಲ ಏಕೆಂದು ನನಗೆ ಅರ್ಥವಾಗಲಿಲ್ಲ. ಕಾಲ ಕಳೆಯಿತು. ಅವರು ಕೈತೊಳೆದು, ಚಾಪೆ ಹಾಸಿ, ಎಲೆಯ ಮೇಲೆ ಸಕ್ಕರೆ ಇಟ್ಟುಕೊಂಡು, "ಎಲ್ಲಿ ಸೋದರಮಾವ?" ಎಂದು ಕೇಳಿದರು.

ನಾವು ಮುಖ ಮುಖ ನೋಡಿಕೊಂಡೆವು. ನಮ್ಮ ಕಡೆ ಮಗುವಿಗೆ ಕಿವಿ ಚುಚ್ಚುವಾಗ ಸೋದರಮಾವನ ತೊಡೆಯ ಮೇಲೆ ಕೂರಿಸಬೇಕು. ನಮಗೆ ಮಕ್ಕಳಿರಲಿಲ್ಲ, ಆ ಪ್ರಶ್ನೆಯನ್ನು ನಮ್ಮನ್ನು ಯಾರೂ ಕೇಳಿದ್ದೇ ಇಲ್ಲ.

"ಸೋದರಮಾವ ಅಂದ್ರೆ... ನಾನೇ ಆಯ್ತೀನಲ್ವಾ?" ಅಂದರು ಭಾವಮೈದ.

"ಮತ್ತೆ ನಿಂತಿದ್ದೀಯಲ್ಲ? ಕುಂತ್ಕಾ. ಮೂಡ್ಲಾಗಿ ಕುಂತ್ಕಾ. ತೊಡೆ ಮ್ಯಾಲೆ ಮಡೀಕ. ಅಲುಗಾಡ್ದಂಗೆ ಇಡ್ಕಬೇಕು."

ದಾರಿಯುದ್ದಕ್ಕೂ ನನ್ನನ್ನು ರೇಗಿಸುತ್ತಾ ಬಂದಿದ್ದ ಮನುಷ್ಯ, ತಲೆಯ ಟವೆಲ್ ತೆಗೆದು ತೊಡೆಯ ಮೇಲೆ ಹಾಸಿ, ವಿಮಾನದ ಹೊಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಉಸಿರು ಬಿಗಿಹಿಡಿದು ಕೂತರು. ಆಚಾರ್ರು ಸಣ್ಣ ತೂತು ಹಾಕಿ, ಅದರೊಳಗೆ ದಾರದಂಥ ಗರಗಸ ತೂರಿಸಿ, ನನ್ನ ಪೆನ್ಸಿಲ್ ಗೆರೆಯ ಮೇಲೇ ಬಳಸಿ ಬಂದರು. ದುಂಡನೆಯ ಬಿಲ್ಲೆಯೊಂದು ಟವೆಲ್ಲಿಗೆ ಉದುರಿತು. ಭಾವಮೈದ ತಾವಾಗಿಯೇ ಚಿಟಿಕೆ ಸಕ್ಕರೆ ತೆಗೆದು, ಎಲ್ಲಿಗೆ ಹಾಕುವುದೆಂದು ತಿಳಿಯದೆ, ವಿಮಾನದ ಮೂತಿಗೆ ಮುಟ್ಟಿಸಿ ತಾವೇ ಬಾಯಿಗೆ ಹಾಕಿಕೊಂಡರು.

ಆಚಾರ್ರು ಎಲೆಅಡಿಕೆ ಬಿಟ್ಟು ಬೇರೇನೂ ಮುಟ್ಟಲಿಲ್ಲ. ಸಿಪಾಯಿಗಳನ್ನು ಮಾಡಿಕೊಳ್ಳಲು ತಮ್ಮ ಡಬ್ಬಿಯಿಂದ ಒಂದು ಉಂಡೆ ಮೇಣವನ್ನೂ ಕೊಟ್ಟರು. ಹೊರಡುವಾಗ ವಿಮಾನದ ಬೆನ್ನು ತಟ್ಟಿದರು.

"ಕೂಸು ವಾಸಿ ಕಣಪ್ಪ, ಅಳ್ನಿಲ್ಲ. ಇದ್ರವ್ವಂಗೆ ಚುಚ್ದಾಗ ನನ್ ಕೈ ಕಚ್ಬುಟ್ಟಿದ್ಲು."

ಎಡೆ

ಪಕ್ಷದ ಹೊತ್ತಿಗೆ ವಿಮಾನ ಮುಗಿಯಿತು. ಮೇಲೆ ಹಸಿರು, ಕಂದು. ಹೊಟ್ಟೆಗೆ ಹೊಳಪಿಲ್ಲದ ಕಪ್ಪು. ಮೇಣದಲ್ಲಿ ಎಂಟು ಸಿಪಾಯಿಗಳನ್ನು ತಿದ್ದಿ, ಅದೇ ಮೇಣದಿಂದ ತೂತಿನ ಸುತ್ತ ಅಂಟಿಸಿದೆ. ಮೊದಲನೆಯವನು ಅಂಚಿನಲ್ಲಿ ಕಾಲು ಇಳಿಬಿಟ್ಟು, ಕೈ ತೊಡೆಗೆ ಅಂಟಿಸಿಕೊಂಡು ಕೂತಿದ್ದ. ನೆಲದಿಂದ ಒಂದು ಗೇಣು ಮೇಲೆ, ಹಾರುತ್ತಿರುವಂತೆ ಕಾಣಲಿ ಎಂದು ಕಡ್ಡಿಗಳ ಅಟ್ಟಣೆ ಮಾಡಿ ಅದರ ಮೇಲೆ ನಿಲ್ಲಿಸಿದೆ. ಆದರೂ ರಾತ್ರಿಯೆಲ್ಲ ಅದೇ ಸಂಶಯ. ಗೂಡು ಕಿತ್ತ ಜಾಗವೇ ತೂತು ಎಂದು ಒಬ್ಬರು ಹೇಳಿದ್ದು, ಅದನ್ನು ಇನ್ನೊಂದು ಕಡೆ ತಾಳೆ ನೋಡಲು ನನಗೆ ಆಗಿರಲಿಲ್ಲ. ಅಗಲವೂ ಲೆಕ್ಕದಿಂದ ಬಂದದ್ದು, ಕಣ್ಣಾರೆ ಕಂಡದ್ದಲ್ಲ.

ಎಡೆಯ ದಿನ ಭಾವಮೈದನೂ ಹೆಂಡತಿಯ ದೊಡ್ಡವ್ವನೂ ಬಂದರು. ದೊಡ್ಡವ್ವ ನಮ್ಮೆಲ್ಲರಿಗೂ ಹಿರಿಯರು. ಎಡೆಯ ವಿಷಯದಲ್ಲಿ ಅವರ ಮಾತೇ ಕೊನೆ. ಫೋಟೋದ ಮುಂದೆ ಹೊಸ ಸೀರೆ, ಬಳೆ, ಕಜ್ಜಾಯ, ಮುದ್ದೆ, ಕೋಳಿ ಸಾರು, ಭಾವಮೈದ ಬೆಳ್ಳೂರು ಕ್ರಾಸಿನ ಹೋಟೆಲಿನಿಂದ ಕಟ್ಟಿಸಿಕೊಂಡು ಬಂದ ಮೆಣಸಿನಕಾಯಿ ಬೋಂಡ, ಎಲ್ಲ ಇಟ್ಟದ್ದಾಯಿತು. ನಾನು ವಿಮಾನ ತಂದು ಪಕ್ಕಕ್ಕಿಟ್ಟೆ. ದೊಡ್ಡವ್ವ ನೆಲಕ್ಕೆ ಕೆನ್ನೆಯಿಟ್ಟು ಅದರ ತೂತಿನೊಳಗೆ ನೋಡಿದರು.

"ಒಳ್ಗೆ ಯಾರಪ್ಪಾ ಕುಂತವ್ರೆ?"

"ಸಿಪಾಯಿಗಳು ದೊಡ್ಡವ್ವ. ಬೀಳೋದು ಕಲಿಯೋಕೆ ಬಂದವರು. ಇಂಗ್ಲೆಂಡಿನವರು."

"ಬದ್ಕವ್ರಾ?"

"ಎಂಬತ್ತು ವರ್ಷದ ಮೇಲಾಯಿತು. ಬಹುಶಃ ಯಾರೂ ಇಲ್ಲ."

ದೊಡ್ಡವ್ವ ಎದ್ದು ಕೂತು ಸೆರಗು ಸರಿಮಾಡಿಕೊಂಡರು. "ಅಂಗಾರೆ ಅವ್ರ್ಗೂ ಎಡೆ ಇಕ್ಬೇಕು."

"ಅವ್ರ್ಗ್ಯಾಕೆ ದೊಡ್ಡವ್ವ?" ಅಂದರು ಭಾವಮೈದ. "ಅವ್ರೇನ್ ನಮ್ ಕುಲಾನಾ?"

"ಕುಲ ಕಟ್ಕಂಡು ಏನ್ ಮಾಡೀಯೋ? ಮನೇಗ್ ಬಂದವ್ರೆ. ಎಂಟು ಜನಾನ ಕತ್ಲಲ್ಲಿ ಕುಂಡ್ರಿಸ್ಬುಟ್ಟು, ಅವ್ರ್ ಮೂಗಿನ್ ಕೆಳ್ಗೆ ಕೋಳಿ ಸಾರು ಮಡುಗಿ, ನಮ್ ಮಗಳೊಬ್ಳೇ ಉಣ್ಣಾಳಾ? ಅವ್ಳಿಗಾದ್ರೂ ಗಂಟ್ಲಲ್ಲಿ ಇಳ್ದಾತಾ?"

ಭಾವಮೈದ ಇನ್ನೊಂದು ಎಲೆ ತಂದು ಸಾರು ಬಡಿಸಲು ಹೊರಟರು.

"ಏಯ್, ಸಾರ್ ಬ್ಯಾಡ ಕಣ್ಲಾ! ಬಿಳೀ ಜನ, ನಮ್ ಖಾರ ತಡ್ದಾರಾ? ಮೊಸರನ್ನ ಇಕ್ಕು. ಗಟ್ಟಿ ಮೊಸ್ರು ಉಯ್ಯಿ."

ಎಲೆಯನ್ನು ವಿಮಾನದ ಮುಂದಿಟ್ಟರು. ದೊಡ್ಡವ್ವ ಅದಕ್ಕೂ ಒಪ್ಪಲಿಲ್ಲ. "ಮುಂದ್ಗಡೆ ಬಾಗ್ಲೈತಾ ಮೇಷ್ಟ್ರೇ?"

"ಇಲ್ಲ."

"ಮತ್ತೆ ಎಂಗ್ ಬಂದಾರು? ತೂತಿನ್ ಕೆಳ್ಗೇ ಮಡುಗು."

ಮೊಸರನ್ನದ ಎಲೆ ತೂತಿನ ನೇರ ಕೆಳಗೆ ಹೋಯಿತು. ದೀಪ ಹಚ್ಚಿ, ಸಾಂಬ್ರಾಣಿ ಹಾಕಿ, ಎಲ್ಲರೂ ಅಡ್ಡಬಿದ್ದು, ಬಾಗಿಲು ಮುಂದೆ ಮಾಡಿಕೊಂಡು ಜಗಲಿಗೆ ಬಂದೆವು. ಹಿರಿಯರು ಬಂದು ಉಂಡುಹೋಗುವ ತನಕ ಯಾರೂ ಒಳಗೆ ಹೋಗಬಾರದು.

ಜಗಲಿಯಲ್ಲಿ ಕೂತಾಗ ಭಾವಮೈದನಿಗೆ ಹೇಳಿದೆ: "ಆ ತೂತು ಸರಿಯಾಗಿದೆಯೋ ಇಲ್ಲವೋ, ನನಗೆ ಈಗಲೂ ಗೊತ್ತಿಲ್ಲ."

"ಸರ್ಯಾಗಿರ್ತದೆ ಬುಡಿ ಬಾವ."

"ಸರಿಯಾಗಿರುತ್ತದೆ ಅಂದರೆ ಆಗಲಿಲ್ಲ. ಅವಳು ಮೊದಲು ಅದನ್ನೇ ನೋಡುತ್ತಾಳೆ."

ಭಾವಮೈದ ಬೀದಿಯ ಕಡೆ ತಿರುಗಿ ಕೂತರು.

ಸಾಕಷ್ಟು ಹೊತ್ತಾದ ಮೇಲೆ ದೊಡ್ಡವ್ವ ಬಾಗಿಲು ತಟ್ಟಿ, ಕೆಮ್ಮಿ, ಮೆಲ್ಲಗೆ ತಳ್ಳಿದರು. ಹೊಗೆ ಆರಿತ್ತು. ದೀಪ ಉರಿಯುತ್ತಿತ್ತು. ಫೋಟೋದ ಮುಂದೆ ಎಲ್ಲ ಇಟ್ಟ ಹಾಗೇ ಇತ್ತು. ಭಾವಮೈದ ನನ್ನ ತೋಳು ಹಿಡಿದು ಅಲುಗಾಡಿಸಿದರು.

ವಿಮಾನದ ಕೆಳಗೆ, ಮೊಸರನ್ನದ ನಟ್ಟನಡುವೆ, ಮೊಣಕಾಲವರೆಗೆ ಹೂತು, ಕೈಯೆರಡನ್ನೂ ತೊಡೆಗೆ ಅಂಟಿಸಿಕೊಂಡು, ಒಬ್ಬ ಸಿಪಾಯಿ ನೆಟ್ಟಗೆ ಕೂತಿದ್ದ.

ದೀಪದ ಕಾವಿಗೆ ಮೇಣ ಸಡಿಲವಾಗಿರಬೇಕು. ಮಂಡಿಯೂರಿ ತೂತು ನೋಡಿದೆ. ಒಳಗೆ ಅವನನ್ನು ಅಂಟಿಸಿದ್ದ ಜಾಗ ಬಿಟ್ಟರೆ ಅಂಚಿನ ಕಪ್ಪು ಬಣ್ಣಕ್ಕೆ ಎಲ್ಲೂ ಮೇಣ ತಗುಲಿರಲಿಲ್ಲ. ಮುಂದಿನ ಅಂಚಿಗೂ ಇಲ್ಲ, ಹಿಂದಿನ ಅಂಚಿಗೂ ಇಲ್ಲ; ಮುಖ ಬಡಿಯದೆ ನೇರ ಬಿದ್ದಿದ್ದ. ಉಳಿದ ಏಳು ಜನ ಸರದಿಗೆ ಕಾಯುವವರ ಹಾಗೆ ಮೇಲೆ ಕೂತಿದ್ದರು. ನನಗೆ ನಗು ಬಂತು. ತಡೆಯೋಣವೆಂದರೆ ಆಗಲಿಲ್ಲ, ಫೋಟೋದ ಎದುರಿಗೇ, ಗೋಡೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಭಾವಮೈದನೂ ನೆಲಕ್ಕೆ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ದೊಡ್ಡವ್ವ ಒಬ್ಬರೇ ನಗಲಿಲ್ಲ.

"ನಾನ್ ಏಳ್ನಿಲ್ವಾ, ಅಸ್ಕಂಡವ್ರೆ ಅಂತ?"

ನಾನು ಕಣ್ಣೊರೆಸಿಕೊಂಡು, ಅವನನ್ನು ಮೊಸರಿನಿಂದ ಎತ್ತಿ ತೊಳೆಯೋಣವೆಂದು ಕೈ ಚಾಚಿದೆ. ದೊಡ್ಡವ್ವ ನನ್ನ ಮಣಿಕಟ್ಟು ಹಿಡಿದು ತಡೆದರು.

"ಮೇಷ್ಟ್ರಾಗಿ ಅಷ್ಟೂ ತಿಳೀದಾ? ಉಣ್ಣಾಕ್ ಕುಂತೋರ್ನ ಎಬ್ಬಿಸ್ಬಾರ್ದು. ಮೇಲಿರೋರ್ಗೆ ಇನ್ನೊಂದೀಟು ಬಡ್ಸು, ಬರ್ತಾವ್ರೆ."